ಬೈಪಾಸ್ ಬೇಕು ಎಂದ ಚಾಚಾ

ಮೊನ್ನೆ ತುಮಕೂರಿನಿಂದ ಗುಬ್ಬಿಗೆ ಹೋಗುವಾಗ ನಾನಿದ್ದ ಪ್ರೈವೇಟ್ ಬಸ್ಸು ದಾರಿಯಲ್ಲಿ ಪಂಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬಿಗೆ ಪ್ಯಾಚು ಹಾಕಿ ಕಾಯಿಸುತ್ತಿದ್ದ. ಸುಟ್ಟ ರಬ್ಬರಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನು ಬೇಕೆಂದೇ ಹತ್ತಿರ ಹೋಗಿ ನಿಂತೆ. ಗುಬ್ಬಿಯ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಅಂದಿನ ಪಾಠ ಪ್ರಾದೇಶಿಕ ಅಭಿವೃದ್ಧಿ. ರಸ್ತೆ ಬಂದರೆ ವ್ಯಾಪಾರ ಬೆಳೆಯುತ್ತದೆ ಎಂದು ನೋಟ್ಸಿನಲ್ಲಿದೆ. ಯಾರ ವ್ಯಾಪಾರ ಎಂದು ಇಲ್ಲ. ಪ್ರತಿ ವರ್ಷ ಅದನ್ನು ಹೇಳುವಾಗ ಕುಣಿಗಲ್ಲಿನ ಪಂಚರ್ ಅಂಗಡಿ ಚಾಚಾ ನೆನಪಾಗಿ ನನಗೆ ಮೈ ಉರಿಯುತ್ತದೆ.

ನಾನು ಚಿಕ್ಕವಳಿದ್ದಾಗ ಬೆಂಗಳೂರು, ಮಂಗಳೂರಿನ ಗಾಡಿಗಳೆಲ್ಲ ಕುಣಿಗಲ್ ಊರೊಳಗಿಂದಲೇ ಹೋಗುತ್ತಿದ್ದವು. ನಮ್ಮ ಬೀದಿ ಹೈವೇಗೆ ಸೇರುವಲ್ಲಿ ಚಾಚಾ ಅಂಗಡಿ, ಅದರ ಪಕ್ಕದಲ್ಲೇ ನಮ್ಮಪ್ಪನ ಹೋಟೆಲು. ಮಂಗಳೂರಿನ ಕಡೆ ಹೊರಟ ಲಾರಿಯವರು ಪಂಚರಾದ ಸ್ಟೆಪ್ನಿಯನ್ನು ಚಾಚಾ ಹತ್ತಿರ ಇಳಿಸಿ ಹೋಗುತ್ತಿದ್ದರು. ವಾಪಸು ಬರುವಾಗ ರಿಪೇರಿಯಾದ ಟೈರನ್ನು ಹೇರಿಕೊಂಡು, ಅಪ್ಪನ ಹೋಟೆಲಿನಲ್ಲಿ ಟೀ ಕುಡಿದು ಮುಂದೆ ಹೋಗುತ್ತಿದ್ದರು. ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಡ್ರೈವರನ ಹೆಸರು ಬರೆದರೆ ಮುಗಿಯಿತು, ಬೇರೆ ಯಾವ ರಸೀದಿಯೂ ಇರಲಿಲ್ಲ.

ನಮ್ಮ ಶಾಲೆ ರಸ್ತೆಯ ಆಚೆಗಿತ್ತು. ಬೆಳಿಗ್ಗೆ ನಾವು ಗುಂಪಾಗಿ ನಿಂತರೆ ಚಾಚಾ ಟೈರು ಬಿಚ್ಚುವ ಸಲಾಕೆ ಹಿಡಿದೇ ನಡುರಸ್ತೆಗೆ ಇಳಿಯುತ್ತಿದ್ದರು. ಡ್ರೈವರುಗಳು ಗುರುತಿನವರು, ಬೈದುಕೊಂಡೇ ಬ್ರೇಕ್ ಹಾಕುತ್ತಿದ್ದರು. "ಓಡ್ಬೇಡಿ, ನಡೀರಿ. ನಾನಿದೀನಿ" ಎನ್ನುತ್ತಿದ್ದರು ಚಾಚಾ. ಒಂದು ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋಗಿದ್ದಾಗ ನಮ್ಮ ಬೀದಿಯ ಹುಡುಗಿಯೊಬ್ಬಳು ತಾನೇ ದಾಟಲು ಹೋದಳು. ನನ್ನ ಬೆಂಚಿನವಳು... ಚಾಚಾ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ನಮ್ಮನ್ನು ದಾಟಿಸುವಾಗ ಅವರು "ನಾನಿದೀನಿ" ಎನ್ನುವುದನ್ನು ಬಿಟ್ಟರು.

ನಾನು ಪಿಯುಸಿ ಓದುವಾಗ ಬೈಪಾಸಿನ ಸುದ್ದಿ ಬಂತು. ಜನರ ಅಭಿಪ್ರಾಯ ಕೇಳಲು ಸಭೆ ಕರೆದರು. ಅಂಗಡಿಯವರೆಲ್ಲ ಒಟ್ಟಾಗಿ ಬೇಡ ಎನ್ನುವುದೆಂದು ಮಾತಾಗಿತ್ತು. ಸಂಜೆ ಅಪ್ಪ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಅಮ್ಮನ ಮುಂದೆ ಕೂಗಾಡಿದರು. "ಎಲ್ರೂ ಬೇಡ ಅಂದ್ವಿ. ಈ ಚಾಚಾ ಎದ್ದು ನಿಂತು, ಮಗು ಹೋಗೈತೆ ಸಾರ್, ರೋಡು ಆಚೆ ಹೋಗ್ಲಿ ಅಂದ್ರು ಕಣೇ. ಎಲ್ರ ಹೊಟ್ಟೆ ಮೇಲೂ ಹೊಡೆದ್ರು!" ಅಂದಿನಿಂದ ಅಪ್ಪ ಪಕ್ಕದಂಗಡಿಗೆ ಟೀ ಕಳಿಸುವುದನ್ನು ನಿಲ್ಲಿಸಿದರು. ಒಬ್ಬ ಪಂಚರ್ ಅಂಗಡಿಯವನ ಮಾತು ಕೇಳಿ ಯಾರೂ ಹೈವೇ ತಿರುಗಿಸುವುದಿಲ್ಲ. ನಕ್ಷೆ ಎಲ್ಲೋ ಆಗಲೇ ತಯಾರಾಗಿತ್ತು. ಆದರೆ ಬೈಯಲು ಊರಿನವರ ಕೈಗೆ ಸಿಕ್ಕಿದ್ದು ಅವರೊಬ್ಬರೇ.

ಬೈಪಾಸ್ ಆಯಿತು. ಲಾರಿಗಳು ಊರೊಳಗೆ ಬರುವುದು ನಿಂತೇ ಹೋಯಿತು. ಹೋಗುವಾಗ ಹಳೇ ರಸ್ತೆಯಲ್ಲಿ ಹೋಗಿ, ಬರುವಾಗ ಬೈಪಾಸ್ ಹಿಡಿದವರ ಟೈರುಗಳು ಚಾಚಾ ಅಂಗಡಿಯಲ್ಲೇ ಉಳಿದವು. ಮಾರಿಬಿಡಿ ಎಂದೆ.

"ಬತ್ತಾರೆ ಬುಡಮ್ಮ. ಅವ್ರ ಟೈರು ನಮ್ಮತ್ರ ಐತಲ್ಲ."

ಯಾರೂ ಬರಲಿಲ್ಲ. ಕೊನೆಗೆ ಅವರೇ ಟೈರುಗಳನ್ನು ಆಟೋದಲ್ಲಿ ಹೇರಿಕೊಂಡು ಬೈಪಾಸಿನ ಬದಿಗೆ ಹೋಗಿ ಕೂತರು. ಬರುವ ಲಾರಿಗಳಿಗೆಲ್ಲ ಕೈ ಅಡ್ಡ ಹಿಡಿದರು. ಯಾವುದೂ ನಿಲ್ಲಲಿಲ್ಲ. "ಮುಖಾನೇ ಕಾಣ್ಸಲ್ಲ ಕಣಮ್ಮ, ಅಷ್ಟು ಸ್ಪೀಡು" ಎಂದು ಟೈರುಗಳನ್ನು ವಾಪಸು ತಂದರು. ಅಲ್ಲೇ ಅಂಗಡಿ ಹಾಕೋಣವೆಂದರೆ, ಬದಿಯ ಜಾಗವೆಲ್ಲ ರಸ್ತೆ ಆಗುವ ಮೊದಲೇ ಬೇರೆ ಊರಿನ ದುಡ್ಡಿದ್ದವರ ಪಾಲಾಗಿತ್ತು. ಚಾಚಾ ಅಂಗಡಿ ಮುಚ್ಚಿ ತುಮಕೂರಿಗೆ ಹೋಗಿ, ಒಂದು ಟೈರ್ ಶೋರೂಮಿನಲ್ಲಿ ವಾಚ್‌ಮನ್ ಆದರು. ಅಪ್ಪನ ಹೋಟೆಲೂ ಅದೇ ವರ್ಷ ಮುಚ್ಚಿತು.

ಕೆಲಸ ಸಿಕ್ಕಿ ನಾನೂ ತುಮಕೂರಿಗೆ ಬಂದ ಮೇಲೆ ಒಮ್ಮೆ ಹುಡುಕಿಕೊಂಡು ಹೋದೆ. ಯೂನಿಫಾರ್ಮ್ ಅವರಿಗೆ ದೊಗಳೆಯಾಗಿತ್ತು. ಒಳಗೆ ಟೈರು ಬಿಚ್ಚುವ ಮಷಿನ್ನಿನ ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದರು. ಸಭೆಯಲ್ಲಿ ಹಾಗೆ ಹೇಳಬಾರದಿತ್ತು ಅನಿಸುತ್ತದಾ ಎಂದು ಕೇಳಿಯೇಬಿಟ್ಟೆ.

"ಹೇಳಿದ್ದು ತಪ್ಪಲ್ಲಮ್ಮ," ಎಂದರು. "ನಾನೊಬ್ನೇ ಹೇಳ್ದಂಗಾಯ್ತು. ನಿಮ್ಮಪ್ಪ ಇನ್ನೂ ಬೇಜಾರಲ್ಲವ್ರಾ?"

ಇಲ್ಲ ಎಂದು ಸುಳ್ಳು ಹೇಳಿದೆ.

ಈ ವರ್ಷ ಒಂದು ಬೆಳಿಗ್ಗೆ ಅಪ್ಪನ ಫೋನು. "ಚಾಚಾ ಹೋಗ್ಬುಟ್ರಂತೆ ಕಣವ್ವ..." ಎಂದವರು, ಊರಿಗೆ ಯಾವಾಗ ಬರುತ್ತೀಯ ಎಂದು ಕೇಳಿದರು.

ಆ ವಾರವೇ ಕುಣಿಗಲ್ಲಿಗೆ ಹೋದೆ. ಹಳೇ ಹೈವೇ ಮೇಲೆ ಒಂದು ಎಮ್ಮೆ ಆರಾಮಾಗಿ ನಿಂತಿತ್ತು. ಶಾಲೆ ಬಿಟ್ಟ ಹೊತ್ತು. ಒಬ್ಬ ಪುಟ್ಟ ಹುಡುಗಿ ಅತ್ತ ಇತ್ತ ನೋಡದೆ, ಹಿಂದಿರುವ ಗೆಳತಿಯ ಜೊತೆ ಜಗಳವಾಡುತ್ತ, ಹಿಮ್ಮುಖವಾಗಿಯೇ ರಸ್ತೆ ದಾಟಿದಳು. ನಾನು ಒಂದು ಹೆಜ್ಜೆ ರಸ್ತೆಗೆ ಇಳಿದೇಬಿಟ್ಟೆ. ಸುತ್ತಲಿನ ಅಂಗಡಿಗಳಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಅವಳು ಆಚೆ ಬದಿ ಮುಟ್ಟಿ ಜಗಳ ಮುಂದುವರಿಸಿದಳು. ಅಪ್ಪನೂ ನನ್ನ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಇದನ್ನು ನಾವು ಚಾಚಾರನ್ನು ಕರೆದು ತೋರಿಸಬೇಕಿತ್ತು.