ಉಪವಾಸವೆಂದು ನಾವು ಕರೆದದ್ದು

ಮೊದಲು ಮಗಳ ಮುಟ್ಟು ನಿಂತಿತು. ಆಮೇಲೆ ಬಾಚಣಿಗೆಯಲ್ಲಿ ಕೂದಲು ಗೊಂಚಲಾಗಿ ಬರತೊಡಗಿತು. ಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಕೂತಿರುತ್ತಿದ್ದಳು. ಏನಾಗಿದೆ ಎಂದು ನಾನು ಕೇಳಿದಾಗಲೆಲ್ಲ ಮನೆಯಲ್ಲಿ ಒಂದೇ ಉತ್ತರ: ಶ್ರೇಯಾ ವ್ರತ ಹಿಡಿದಿದ್ದಾಳೆ.

ನಾವು ಜೈನರು. ಮನೆ ಮಿರಜಿನ ಹತ್ತಿರದ ವಿಶ್ರಾಮಬಾಗದಲ್ಲಿ. ಉಪವಾಸ ನಮಗೆ ಹೊಸದಲ್ಲ; ಅದಕ್ಕೆ ಶುರುವಿದೆ, ಬಿಡುವ ಪಾರಣೆಯೂ ಇದೆ. ಹಿಂದಿನ ವರ್ಷ ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಅವಳು ಕೊನೆಯವರೆಗೂ ಬರೀ ಕಾಯಿಸಿದ ನೀರಿನ ಮೇಲಿದ್ದಳು. ನನ್ನ ಗಂಡ ಚೌಕದಲ್ಲಿ ಅವಳ ಫೋಟೊ ಇರುವ ಫ್ಲೆಕ್ಸ್ ಹಾಕಿಸಿದರು. ಬಂಧುಗಳು ಹಾರ ಹಾಕಿದರು, ಕಾಲು ಮುಟ್ಟಿದರು. ಪಾರಣೆಗೆ ಚಮಚ ಹಿಡಿದು ಸಾಲುಗಟ್ಟಿ ಉಣಿಸಿದರು. ಅವಳು ಒಳಗೆ ಹೋಗಿ ವಾಂತಿ ಮಾಡಿದಳು. ಆಮೇಲೂ ಉಣ್ಣಲಿಲ್ಲ. ಇವತ್ತು ಒಂದೇ ಹೊತ್ತು ಎಂದಳು, ನಾಳೆ ಎಣ್ಣೆ ತ್ಯಾಗ, ಬೆಲ್ಲ ತ್ಯಾಗ ಎಂದಳು. ಅವಳನ್ನು ನೋಡಿ ಕಲೀರಿ ಎಂದು ನೆಂಟರು ತಮ್ಮ ಮಕ್ಕಳಿಗೆ ಹೇಳಿದರು.

ಒಂದು ದಿನ ಅವಳು ಕಾಲೇಜಿನ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದಳು.

ಮಿರಜಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿದ ಡಾಕ್ಟರ್, ಹಾರ್ಟ್ ರೇಟ್ ತೀರ ಇಳಿದಿದೆ ಎಂದರು. ಇದು ಅನೊರೆಕ್ಸಿಯಾ, ಅನ್ನಕ್ಕೇ ಹೆದರುವ ಕಾಯಿಲೆ. ಹೀಗೇ ಬಿಟ್ಟರೆ ಹೃದಯ ನಿಲ್ಲಬಹುದು. ಅತ್ತೆ ಕೇಳಿದರು, "ಧರ್ಮ ಮಾಡಿದ್ರ ರೋಗ ಹೆಂಗ ಬರತೈತ್ರಿ?"

ನನಗೆ ಅವರ ಬಾಯಿ ಮುಚ್ಚಬೇಕೆನಿಸಿತು. ಕೈ ಕಟ್ಟಿಕೊಂಡು ನಿಂತೆ.

ಡಿಸ್ಚಾರ್ಜ್ ಆದ ಮೇಲೆ ಔಷಧಿಯ ಜೊತೆ, ಚಿತ್ರ ಬರೆಸಿ ಮನಸ್ಸು ತಿಳಿಯುವ ಆರ್ಟ್ ಥೆರಪಿಯನ್ನೂ ಡಾಕ್ಟರ್ ಹೇಳಿದರು. ಮನೆಯವರೆಲ್ಲ ಬರಬೇಕು.

"ಬಣ್ಣದ ಪೆನ್ಸಿಲ್ ಹಿಡಕೊಂಡು ನಾನೂ ಬಾಲವಾಡಿಗೆ ಹೋಗ್ಲೇನ?" ಎಂದರು ಗಂಡ.

"ಫ್ಲೆಕ್ಸ್ ಹಾಕಾಕ ಟೈಮ್ ಇತ್ತಲ್ರಿ ನಿಮಗ" ಎಂದೆ. ಚಪ್ಪಲಿ ಮೆಟ್ಟಿಕೊಂಡು ಬಂದರು.

ಥೆರಪಿಸ್ಟ್ ನೆಲದ ಮೇಲೆ ಒಂದೇ ದೊಡ್ಡ ಹಾಳೆ ಹಾಸಿದರು. ನಿಮ್ಮ ಮನೆಯ ಊಟದ ಹೊತ್ತನ್ನು ಎಲ್ಲರೂ ಸೇರಿ ಚಿತ್ರವಾಗಿ ಬರೆಯಿರಿ, ಮಾತು ಬೇಡ ಎಂದರು. ಗಂಡ ಸ್ಕೇಲ್ ಕೇಳಿ ಪಡೆದು ಊಟದ ಟೇಬಲ್ ಬರೆದರು. ಅತ್ತೆ ರಂಗೋಲಿಯ ಹಾಗೆ ಚುಕ್ಕಿಯಿಟ್ಟು ಸುತ್ತಲೂ ನಮ್ಮನ್ನೆಲ್ಲ ಕೂರಿಸಿದರು. ನಾನು ಒಲೆ ಬರೆದೆ, ಕಾಗದ ಹರಿಯುವಷ್ಟು ಒತ್ತಿ. ಕೊನೆಗೆ ಶ್ರೇಯಾ ನಡುವೆ ಒಂದು ತಾಟು ಬರೆದಳು.

ತಾಟಿನ ತುಂಬ ಕಣ್ಣು.

ಅಜ್ಜಿಯ ಕನ್ನಡಕದ್ದು, ಅಪ್ಪನ ದಪ್ಪ ಹುಬ್ಬಿನದು. ನನ್ನವೂ ಇದ್ದವು, ನಡುವೆ ಕುಂಕುಮದ ಸಮೇತ.

ಅತ್ತೆ ಬಗ್ಗಿ ಅದನ್ನು ನೋಡಿದರು. "ಬಾಳಾ, ನನ್ನ ಕೂಸ, ನಿನ್ನ ತಾಟಿನ್ಯಾಗ ನಾ ಏನ್ ಬಡಸ್ಲಿ?"

"ಏನೂ ಬ್ಯಾಡ್ರಿ ಅಜ್ಜಿ. ಉಂಡರೂ ನೋಡ್ತೀರಿ, ಬಿಟ್ಟರೂ ನೋಡ್ತೀರಿ. ನೋಡಬ್ಯಾಡ್ರಿ ಅಷ್ಟ."

ಗಂಡ ಎದ್ದು ಕಾರಿಡಾರಿಗೆ ಹೋದರು.

ಈ ವರ್ಷದ ಪರ್ವದ ಉಪವಾಸಕ್ಕೆ ಅವಳ ಹೆಸರು ಬರೆಸಿಕೊಳ್ಳಲು ನೆಂಟರು ಬಂದಾಗ ಅತ್ತೆಯೇ ಬಾಗಿಲಲ್ಲಿ ನಿಂತು, ಈ ಸಲ ಇಲ್ಲ, ನಮ್ಮ ಹುಡುಗಿ ಉಂಡರೆ ಸಾಕು ಎಂದು ಕಳಿಸಿದರು. ಒಳ್ಳೆಯದಾಯಿತು. ಆದರೂ ನನ್ನ ಸಿಟ್ಟು ಇಳಿದಿಲ್ಲ. ಅಷ್ಟು ಮಾತು ಅವರ ಬಾಯಿಗೆ ಬರಲು ಮಗಳು ಸಾವಿನ ಹತ್ತಿರ ಹೋಗಿ ಬರಬೇಕಾಯಿತು.

ತೂಕ ನಿಧಾನವಾಗಿ ಏರುತ್ತಿದೆ. ಕೆಲವು ವಾರ ಇಳಿಯುತ್ತದೆ. ಡಾಕ್ಟರ್ ಹೇಳಿದಷ್ಟನ್ನು ಬಡಿಸಿ, ನಮ್ಮ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ನಾನೊಬ್ಬಳೇ ಅವಳ ಪಕ್ಕ ಕೂತು ಉಣ್ಣುತ್ತೇನೆ. ಹೊಗಳುವುದಿಲ್ಲ, ಒತ್ತಾಯಿಸುವುದಿಲ್ಲ. ತಲೆ ಎತ್ತಿ ಅವಳ ತಾಟು ನೋಡಬೇಕೆನಿಸಿ ಕತ್ತು ನೋಯುತ್ತದೆ. ಎತ್ತುವುದಿಲ್ಲ. ಅವಳು ರೊಟ್ಟಿ ಮುರಿಯುವ ಸದ್ದು ಕೇಳುತ್ತದೆ. ಸ್ವಲ್ಪ ಹೊತ್ತಿಗೆ, ಅಗಿಯುವ ಸದ್ದು.