ಬೀಗದೊಳಗಿನ ಎರಡು ಬಾಟಲಿ

ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುವ ಅಕ್ಕನಿಗೆ ಎಲ್ಲರೂ ಇಟ್ಟ ಹೆಸರು ಬಿಗಿಕೈಯಕ್ಕ. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಹದಿನೆಂಟು ವರ್ಷದಲ್ಲಿ ಅವಳ ಉಗ್ರಾಣದಲ್ಲಿ ಯಾವ ಔಷಧಿಯೂ ಪೂರ್ತಿ ಖಾಲಿಯಾದದ್ದಿಲ್ಲ. ಯಾವುದೇ ಇರಲಿ, ಕೊನೆಯ ಎರಡನ್ನು ಆಪತ್ತಿಗೆಂದು ಎತ್ತಿಟ್ಟು ಬೀಗ ಹಾಕಿಬಿಡುವಳು. ಆಮೇಲೆ ದೊಡ್ಡ ಡಾಕ್ಟರೇ ಬಂದು ಕೈಮುಗಿದರೂ ಬೀಗ ತೆಗೆಯುವವಳಲ್ಲ.

ಈ ಸಲ ಹಾಗೆ ಉಳಿದದ್ದು ಮಕ್ಕಳ ಫಿಟ್ಸಿನ ಸಿರಪ್ಪು. ಮೂರು ತಿಂಗಳಿಂದ ಹೊಸ ಸರಕಿನ ಸುಳಿವೇ ಇಲ್ಲ. ಬೇಡಿಕೆ ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ 'ತುರ್ತು' ಎಂದು ಬರೆದು ಕಳಿಸಿದಳು. ಆಸ್ಪತ್ರೆಗಳಿಗೆ ಔಷಧಿ ಹಂಚುವ ಡಿಪೋದಲ್ಲಿ ಯಾರೂ ಸೊಪ್ಪು ಹಾಕಲಿಲ್ಲ.

ಅವತ್ತು ಬೆಳಿಗ್ಗೆ ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಟೈಲರಮ್ಮ ಕಿಟಕಿಗೆ ಬಂದಳು. ಐದು ವಾರದ ಹಿಂದೆ ಇವಳನ್ನು ಹೊರಗಿನ ಅಂಗಡಿಗೆ ಅಟ್ಟಿದ್ದು ಅಕ್ಕನೇ.

"ಹೊರಗೂ ಎಲ್ಲೂ ಇಲ್ಲ ಅಕ್ಕ. ನಾಳೆಗೆ ಒಂದು ಡೋಸ್ ಇದೆ, ಅಷ್ಟೇ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವಳೆದುರಿಗೇ ಡಿಪೋಗೆ ಫೋನು ಮಾಡಿದಳು.

"ಏನ್ರೀ, ಮಕ್ಕಳು ಸಾಯ್ಲಿ ಅಂತ ಕಾಯ್ತಿದೀರಾ?"

"ನಿಮ್ಮ ಹತ್ರ ಇದೆಯಲ್ಲಮ್ಮ!" ಎಂದ ಗುಮಾಸ್ತ. "ಬಾಕಿ ಎರಡು ಅಂತ ಪ್ರತಿ ವಾರ ನೀವೇ ಹಾಕ್ತೀರಿ. ಮೂರು ತಿಂಗಳಿಂದ ಹೊಸ ಲೆಕ್ಕ, ಸೊನ್ನೆ ಇದ್ರೆ ಮಾತ್ರ ಕಂಪ್ಯೂಟರು ಅದನ್ನ ಕೊರತೆ ಅಂತ ತಗೊಳ್ಳೋದು. ಆಮೇಲೇ ಫ್ಯಾಕ್ಟರಿಯವರು ತಯಾರಿಗೆ ಕೈ ಹಾಕೋದು. ಈ ಸಿರಪ್ಪಿಗೆ ಯಾವ ಆಸ್ಪತ್ರೆಯಿಂದ್ಲೂ ಒಂದೂ ಸೊನ್ನೆ ಬಂದಿಲ್ಲ."

"ಮತ್ತೆ ನಾನು ಕೆಂಪಕ್ಷರದಲ್ಲಿ ಬರ್ದಿದ್ದು?"

"ಕಂಪ್ಯೂಟರಿಗೆ ಕೆಂಪು ಕಾಣಲ್ಲಮ್ಮ."

ಅಕ್ಕ ಪಕ್ಕದ ಎರಡು ಆಸ್ಪತ್ರೆಗಳ ಉಗ್ರಾಣದವರಿಗೆ ಫೋನು ಮಾಡಿ ಕೇಳಿದಳು. ಒಬ್ಬನ ಬಳಿ ಮೂರು ಬಾಟಲಿ, ಇನ್ನೊಬ್ಬಳ ಬಳಿ ಒಂದು, ಎಲ್ಲವೂ ಬೀಗದಲ್ಲಿ. ಎಲ್ಲರೂ ಇವಳಷ್ಟೇ ಜಾಣರು! "ಇದ್ದದ್ದನ್ನ ಕೊಟ್ಟು ಸೊನ್ನೆ ಹಾಕ್ರೋ ಪುಣ್ಯಾತ್ಮರಾ" ಎಂದು ಕಿರುಚಿದಳು. ಇಂಥ ತಲೆಬುಡವಿಲ್ಲದ ಲೆಕ್ಕ ಹೂಡಿದವನಿಗೆ ಬಾಯಿಗೆ ಬಂದಂತೆ ಬೈದಳು. ಕೇಳಲು ಅವನಂತೂ ಅಲ್ಲಿರಲಿಲ್ಲ, ಟೈಲರಮ್ಮನ ಮಗು ಬೆದರಿ ಅಳತೊಡಗಿತು.

ಬೀಗ ತೆಗೆದು ಎರಡೂ ಬಾಟಲಿಗಳನ್ನು ಕಿಟಕಿಯಾಚೆ ಇಟ್ಟಳು. ಕಂಪ್ಯೂಟರಿನಲ್ಲಿ 'ಬಾಕಿ' ಎಂದಿದ್ದ ಕಡೆ ಸೊನ್ನೆ ಒತ್ತಿದಳು. ಒಂದು ನಿಮಿಷದಲ್ಲಿ ಉತ್ತರ ಬಂತು: ಬೇಡಿಕೆ ಸ್ವೀಕರಿಸಲಾಗಿದೆ, ಸರಬರಾಜಿಗೆ ಮೂವತ್ತು ದಿನ.

"ಇದು ಮುಗಿಯೋದ್ರೊಳಗೆ ಹೊಸದು ಬರುತ್ತಲ್ವಾ?" ಟೈಲರಮ್ಮ ಕೇಳಿದಳು.

ಸುಳ್ಳು ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. "ಇಲ್ಲಮ್ಮ. ಇದು ಹದಿನೈದು ದಿನಕ್ಕಾಗುತ್ತೆ. ಸರಕು ಬರೋಕೆ ಒಂದು ತಿಂಗಳು."

ಟೈಲರಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡಳು.

"ಅವತ್ತು ನಾನು ಬಂದಾಗ ಈ ಬಾಟ್ಲಿ ಇಲ್ಲೇ ಇತ್ತಾ ಅಕ್ಕ?"

"ಇತ್ತು."

"ಅವತ್ತೇ ಕೊಟ್ಟು ಸೊನ್ನೆ ಹಾಕಿದ್ರೆ..."

"ಇಷ್ಟೊತ್ತಿಗೆ ಹೊಸದು ಬಂದಿರ್ತಿತ್ತಮ್ಮ," ಎಂದಳು ಅಕ್ಕ.