ಸುದ್ದಿ ಓದುವವರ ಕನ್ನಡಿ

ಕಪಾಟು ಖಾಲಿ ಮಾಡುವಾಗ ಹಳೆಯ ಸೀರೆಗಳ ನಡುವೆ ಆ ಮಡಿಸುವ ಕನ್ನಡಿ ಸಿಕ್ಕಿತು. ಬಿಚ್ಚಿದರೆ ಪೌಡರಿನ ವಾಸನೆ. ಇಷ್ಟು ವರ್ಷದ ಮೇಲೂ ವಾಸನೆ ಉಳಿದೀತೇ, ಇಲ್ಲ ನನ್ನ ಭ್ರಮೆಯೇ… ಮೂರು ಸಲ ಮೂಸಿ ನೋಡಿದೆ. ಯಾವುದನ್ನೂ ಒಂದೇ ಸಲಕ್ಕೆ ನಂಬುವವಳಲ್ಲ ನಾನು. ಆ ಗುಣ ಒಮ್ಮೆ ಒಬ್ಬರ ಅನ್ನಕ್ಕೆ ಕಲ್ಲು ಹಾಕಿತು.

ಅರವತ್ತರ ದಶಕ. ಶಿವಮೊಗ್ಗದಿಂದ ಭದ್ರಾವತಿಗೆ ಸೊಸೆಯಾಗಿ ಬಂದು ನನಗೆ ಆರು ತಿಂಗಳಾಗಿತ್ತು. ಮನೆಯ ಒಂದು ಭಾಗವನ್ನು ರಷ್ಯಾದ ದಂಪತಿಗೆ ಬಾಡಿಗೆಗೆ ಕೊಟ್ಟಿದ್ದರು. ಗಂಡ ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಲು ಒಂದು ವರ್ಷಕ್ಕೆಂದು ಬಂದವರು. ಹೆಂಡತಿಯನ್ನು ನಾವೆಲ್ಲ ರಷ್ಯಾದಮ್ಮ ಎನ್ನುತ್ತಿದ್ದೆವು. ನನ್ನೊಡನೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಹರಕುಮುರುಕು ಕನ್ನಡ ಕಲಿತಿದ್ದರು. ಅವರ ಊರಲ್ಲಿ ಅವರ ಕೆಲಸ ಸುದ್ದಿ ಓದುವುದಂತೆ. ಮೊದಲು ಬಟ್ಟೆ ಗಿರಣಿಯ ಕೆಲಸಗಾರರಿಗೆ ಧ್ವನಿವರ್ಧಕದಲ್ಲಿ, ಆಮೇಲೆ ರೇಡಿಯೋದಲ್ಲಿ, ಕೊನೆಗೆ ಟೆಲಿವಿಷನ್ನಿನಲ್ಲಿ.

"ನನ್ನ ಕುರ್ಚಿ ಒಂದು ವರ್ಷ ಖಾಲಿ ಇಡ್ತಾರೆ. ಅಭ್ಯಾಸ ಬಿಟ್ಟರೆ ಹೋಯ್ತು," ಎಂದಿದ್ದರು.

ಟೆಲಿವಿಷನ್ ಎಂಬುದನ್ನು ಭದ್ರಾವತಿಯಲ್ಲಿ ಯಾರು ಕಂಡಿದ್ದರು? ರೇಡಿಯೋದ ಇನ್ನೊಂದು ಹೆಸರಿರಬೇಕು ಎಂದುಕೊಂಡೆ.

ದಿನಾ ನಾಲ್ಕು ಗಂಟೆಗೆ ಅವರ ಬಾಗಿಲು ಮುಚ್ಚುತ್ತಿತ್ತು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ನಾನು ಹಿತ್ತಲ ಕಿಟಕಿಯಿಂದ ಇಣುಕುತ್ತಿದ್ದೆ. ನನಗೆ ಬೆನ್ನು ಮಾಡಿ ಅವರು ತಲೆ ಬಾಚಿ, ಪೌಡರ್ ಹಚ್ಚಿ, ತುಟಿಗೆ ಬಣ್ಣ ಬಳಿದು ಈ ಕನ್ನಡಿಯ ಮುಂದೆ ಕೂರುತ್ತಿದ್ದರು. ಪಕ್ಕದಲ್ಲಿ ಕೈಗಡಿಯಾರ. ಹಾಳೆ ನೋಡಿ ತಮ್ಮ ಭಾಷೆಯಲ್ಲಿ ಒಂದು ವಾಕ್ಯ ಓದುವುದು, ತಲೆ ಎತ್ತಿ ಕನ್ನಡಿಯನ್ನು ದಿಟ್ಟಿಸುವುದು, ಮತ್ತೆ ಓದುವುದು. ಕನ್ನಡಿಗೆ ಬಿದ್ದ ಬಿಸಿಲು ಹಿತ್ತಲ ಗೋಡೆಯ ಮೇಲೆ ಕುಣಿಯುತ್ತಿತ್ತು.

ಅತ್ತೆಗೆ ಹೇಳಿದೆ.

"ಸುದ್ದಿ ಓದೋಕೆ ಪೌಡರ್ ಯಾಕೆ ಬೇಕು ಮಾರಾಯ್ತಿ? ರೇಡಿಯೋದಲ್ಲಿ ಮುಖ ಕಾಣತ್ತಾ?" ಎಂದರು.

ಗಡಿಯಲ್ಲಿ ಯುದ್ಧ ನಡೆದು ಹೆಚ್ಚು ದಿನವಾಗಿರಲಿಲ್ಲ, ಪರದೇಶದವರೆಂದರೆ ಎಲ್ಲರಿಗೂ ಗುಮಾನಿ. ಮಾತು ಅತ್ತೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಠಾಣೆಗೆ ಹೋಯಿತು. ದಫೇದಾರರು ಮನೆಗೇ ಬಂದರು.

"ನೀವು ಕಣ್ಣಾರೆ ಕಂಡಿದ್ದೇನಮ್ಮ?"

"ಕನ್ನಡಿ ಇಟ್ಕೊಂಡು ಆಚೆ ಯಾರಿಗೋ ಸನ್ನೆ ಮಾಡ್ತಾರೆ," ಎಂದೆ.

ಹಾಗೆ ಆಚೆ ಯಾರನ್ನೂ ನಾನು ಕಂಡಿರಲಿಲ್ಲ. ಆದರೂ ಹೇಳಿದೆ, ಬರೆದುಕೊಂಡದ್ದಕ್ಕೆ ರುಜುವನ್ನೂ ಹಾಕಿದೆ.

ಹದಿನೈದು ದಿನದೊಳಗೆ ಗಂಡಹೆಂಡತಿಗೆ ಊರು ಬಿಡಲು ಹೇಳಿದರು. ಹೊರಡುವ ದಿನ ರಷ್ಯಾದಮ್ಮ ಹಿತ್ತಲಿಗೆ ಬಂದು ಈ ಕನ್ನಡಿಯನ್ನು ನನ್ನ ಕೈಯಲ್ಲಿಟ್ಟರು.

"ನೀನು ದಿನಾ ನೋಡ್ತಾ ಇದ್ದೆಯಲ್ಲ… ನೀನೇ ಇಟ್ಟುಕೋ," ಎಂದು ನಕ್ಕರು.

ಆ ನಗುವಿನಲ್ಲಿ ಏನಿತ್ತೋ. ಗೊತ್ತಾಗಿಯೇ ಕೊಟ್ಟರೋ, ಪ್ರೀತಿಯಿಂದ ಕೊಟ್ಟರೋ… ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡು ನಿಂತಿದ್ದೆ.

ಮರುವರ್ಷ ಕಾರ್ಖಾನೆಯ ದುಭಾಷಿ ಒಂದು ಮಾತು ತಂದರು. ಪರದೇಶದಲ್ಲಿ ದೂರು ಬಿದ್ದವರ ಮುಖವನ್ನು ಅವರ ಟೆಲಿವಿಷನ್ನಿನಲ್ಲಿ ತೋರಿಸುವುದಿಲ್ಲವಂತೆ, ಆಕೆಯನ್ನು ಮತ್ತೆ ಗಿರಣಿಯ ಧ್ವನಿವರ್ಧಕಕ್ಕೇ ಹಾಕಿದರಂತೆ. ಅಂತೆಕಂತೆ ಇರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಎಷ್ಟೋ ವರ್ಷದ ಮೇಲೆ ಶಿವಮೊಗ್ಗದ ವಿದ್ಯಾನಗರದಲ್ಲಿ, ತಮ್ಮನ ಮನೆಯಲ್ಲಿ, ಮೊದಲ ಬಾರಿಗೆ ಟಿ.ವಿ. ನೋಡಿದೆ. ತಲೆ ಬಾಚಿ ಪೌಡರ್ ಹಚ್ಚಿದ್ದ ಹೆಂಗಸೊಬ್ಬರು ಒಂದು ವಾಕ್ಯ ಓದಿದರು, ತಲೆ ಎತ್ತಿ ನನ್ನನ್ನೇ ನೋಡಿದರು. ನಾನು ಕಾಫಿ ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಇವತ್ತು ಕನ್ನಡಿಯನ್ನು ಮೇಜಿನ ಮೇಲಿಟ್ಟು ಕಿಟಕಿಗೆ ಬೆನ್ನು ಮಾಡಿ ಕೂತೆ. ತಲೆ ಎತ್ತಿದರೆ ನನ್ನ ಹೆಗಲಾಚೆ ಕಿಟಕಿಯ ಸರಳುಗಳು, ಅದರಾಚೆ ಬಟ್ಟೆ ಹರವಿದ ತಂತಿ, ಎಲ್ಲ ಸ್ಪಷ್ಟ. ಹಾಗಾದರೆ ಪ್ರತಿ ವಾಕ್ಯ ಮುಗಿದಾಗಲೂ ಅವರಿಗೆ ಕಾಣುತ್ತಿದ್ದದ್ದು ನಾನೇ. ಭದ್ರಾವತಿಯಲ್ಲಿ ಅವರಿಗೆ ಇದ್ದ ಪ್ರೇಕ್ಷಕಿ ನಾನೊಬ್ಬಳೇ. ನನಗಾಗಿಯೇ ಅವರು ದಿನಾ ಓದಿದರು, ನಾನೋ ದೂರಿಗೆ ರುಜು ಹಾಕಿದೆ.